ಅಪ್‌ಡೇಟ್: ಡೆಬಿಟ್ ಕಾರ್ಡಿನಿಂದ ಹೋದ ದುಡ್ಡು (ಪುಣೆ)

ಹಿಂದೆ ಕೇಳಿದ್ದು ಇಷ್ಟು: ಕಾರ್ಡು ಕೈಯಲ್ಲೇ ಇದೆ, ಪಿನ್ ಯಾರಿಗೂ ಹೇಳಿಲ್ಲ, ಆದರೂ ಎಟಿಎಂನಿಂದ ಎರಡು ಸಲ ದುಡ್ಡು ತೆಗೆದಿದ್ದಾರೆ. ‘ಪಿನ್ ಸರಿಯಾಗಿದೆ, ಹೊಣೆ ನಿಮ್ಮದೇ’ ಅಂತ ಬ್ಯಾಂಕು. ಈಗ ದುಡ್ಡು ವಾಪಸ್ ಬಂದಿದೆ.

ಕೆಲಸಕ್ಕೆ ಬಂದದ್ದು 2017ರ ಜುಲೈ 6ರ ಆರ್‌ಬಿಐ ಸುತ್ತೋಲೆ. ತಪ್ಪು ಗ್ರಾಹಕನದು ಅಂತ ಸಾಬೀತು ಮಾಡಬೇಕಾದ್ದು ಬ್ಯಾಂಕು. ಲೋಪ ಇಬ್ಬರದೂ ಅಲ್ಲದಿದ್ದರೆ, ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗ್ರಾಹಕನ ನಷ್ಟ ಹೆಚ್ಚೆಂದರೆ 10,000 ರೂ. ತಿಳಿಸಿದ 10 ಕೆಲಸದ ದಿನದಲ್ಲಿ ತಾತ್ಕಾಲಿಕ ಜಮಾ, 90 ದಿನದಲ್ಲಿ ತೀರ್ಮಾನ. ಬ್ಯಾಂಕು ತಡೆಹಿಡಿದಿದ್ದರೆ ಆ ಜಮಾ ಬ್ಯಾಲೆನ್ಸಿನಲ್ಲಿ ಕಂಡರೂ ತೆಗೆಯೋಕೆ ಬರಲ್ಲ, ಗಾಬರಿ ಬೇಡ.

ಎಡವಟ್ಟಾಗೋದು ಕಾಗದದಲ್ಲಿ. ಕಾರ್ಡ್ ಬ್ಲಾಕ್ ಮಾಡಿಸಿದ ಮಾತ್ರಕ್ಕೆ ದೂರು ಕೊಟ್ಟಂತಲ್ಲ. ದೂರಿನ ನಂಬರು ಬೇರೆಯೇ ಕೇಳಿ. ಶಾಖೆಗೆ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಇಲ್ಲಿ ‘ಪೋಚ್’ (ಮರಾಠಿಯಲ್ಲಿ ಸ್ವೀಕೃತಿ) ಬೇಕು ಅಂದರೆ ಕೌಂಟರಿನವರಿಗೆ ತಕ್ಷಣ ಅರ್ಥವಾಗುತ್ತೆ. ಅರ್ಜಿಯಲ್ಲಿ ಪ್ರತಿ ವಹಿವಾಟಿಗೂ ಬೇರೆ ಸಾಲು: ತಾರೀಖು, ಸಮಯ, ಮೊತ್ತ, ಎಟಿಎಂ ನಂಬರು. ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ಅದರಲ್ಲೇ ಕೇಳಿ. ತಡವಾದರೆ ಅದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತೆ. ನನ್ನ ಅರ್ಜಿಯಲ್ಲಿ ತೂಕ ಬಂದಿದ್ದು ಈ ಸಾಲಿಗೇ ಅನ್ನಿಸುತ್ತೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮೊದಲ ದಿನವೇ ಹೋಗಲಿ. ಬ್ಯಾಂಕು 30 ದಿನ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಲ್ಲೇ ದೂರು ಕೊಡಬಹುದು, ಶುಲ್ಕವಿಲ್ಲ. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ.