ಅಕೌಂಟ್ಸ್ ಕೆಲಸ ಬಿಟ್ಟು ನಾಯಿ ತರಬೇತಿಗೆ ಇಳೀಬೇಕು ಅಂತಿದ್ದೀನಿ, ಈ ದಾರೀಲಿ ಇರೋರು ಹೇಳಿ

ಕೇಳಿದವರು

ಊರು ದಾವಣಗೆರೆ, ಬಿ.ಕಾಂ., ವಯಸ್ಸು 26. ಬೆಂಗಳೂರಲ್ಲಿ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೀನಿ. ಅಪಾರ್ಟ್‌ಮೆಂಟಿನ ನಾಲ್ಕೈದು ನಾಯಿಗಳನ್ನ ಬೆಳಿಗ್ಗೆ ಸಂಜೆ ವಾಕಿಂಗ್ ಕರ್ಕೊಂಡು ಹೋಗ್ತೀನಿ. ಇದನ್ನೇ ವೃತ್ತಿ ಮಾಡ್ಕೊಳ್ಳೋ ಆಸೆ. ಯಾವ ಕೋರ್ಸ್ ಮಾಡ್ಲಿ? ಸರ್ಟಿಫಿಕೇಟ್ ಇಲ್ದೆ ಜನ ಕರೀತಾರಾ? ಮನೆ ಬಾಡಿಗೆ ಕಟ್ಟೋವಷ್ಟಾದ್ರೂ ಹುಟ್ಟುತ್ತಾ?

ಬೆಂಗಳೂರು ದಕ್ಷಿಣದ ತರಬೇತುದಾರ

ಕೊನೇ ಪ್ರಶ್ನೆ ಮೊದಲು. ಹುಟ್ಟುತ್ತೆ, ಆದ್ರೆ ನೀವು ಅಂದ್ಕೊಂಡಿರೋ ಕಡೆಯಿಂದಲ್ಲ. ಹೊಸಬರೆಲ್ಲ ಕಚ್ಚೋ ನಾಯೀನ ಸರಿಮಾಡಿ ಹೆಸರು ಮಾಡೋ ಕನಸಲ್ಲಿ ಬರ್ತಾರೆ. ಹೊಟ್ಟೆ ತುಂಬಿಸೋದು ಎರಡು ಮೂರು ತಿಂಗಳ ಮರಿಗಳು: ಎಲ್ಲೆಂದರಲ್ಲಿ ಉಚ್ಚೆ ಹೊಯ್ಯೋದು, ಮಕ್ಕಳ ಕಾಲು ಕಚ್ಚೋದು, ರಾತ್ರಿ ಅಳೋದು, ಬೆಲ್ಟ್ ಎಳೆಯೋದು. ಈ ನಾಲ್ಕನ್ನ ಚೆನ್ನಾಗಿ ಕಲಿತವನಿಗೆ ಕೆಲಸದ ಬರ ಇಲ್ಲ.

ಇನ್ನೊಂದು ಯಾರೂ ಹೇಳಲ್ಲ. ಈ ಕೆಲಸಕ್ಕೆ ಹೊತ್ತು ಸಿಗೋದು ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ, ಸಂಜೆ ಬಂದಮೇಲೆ. ಮಧ್ಯಾಹ್ನ ಮನೇಲಿ ಯಾರೂ ಇರಲ್ಲ, ಬೇಸಿಗೇಲಿ ಟಾರು ರಸ್ತೆ ಕಾದು ನಾಯಿಯ ಅಂಗಾಲು ಸುಡುತ್ತೆ. ವೈಟ್‌ಫೀಲ್ಡಲ್ಲಿ ಒಂದು ಮನೆ, ಕೆಂಗೇರೀಲಿ ಒಂದು ಮನೆ ಒಪ್ಕೊಂಡ್ರೆ ನಿಮ್ಮ ಬೆಳಗೆಲ್ಲ ಸಿಗ್ನಲ್ಲಲ್ಲೇ ಮುಗೀತು. ಒಂದು ಏರಿಯಾ ಹಿಡೀರಿ. ದೂರದ ಕರೆ ಎಷ್ಟೇ ದುಡ್ಡಿನದಾದ್ರೂ ಆ ಕಡೆ ಇರೋ ಇನ್ನೊಬ್ಬರಿಗೆ ಕಳಿಸಿ, ಅವರು ನಿಮ್ಮ ಕಡೇದನ್ನ ನಿಮಗೆ ಕಳಿಸ್ತಾರೆ.

ಸರ್ಟಿಫಿಕೇಟ್ ವಿಷಯ. ನಮ್ಮಲ್ಲಿ ನಾಯಿ ತರಬೇತುದಾರ ಅನ್ನಿಸ್ಕೊಳ್ಳೋಕೆ ಸರ್ಕಾರಿ ಪರೀಕ್ಷೆ ಅಂತ ಏನಿಲ್ಲ, ಕಾರ್ಡ್ ಹೊಡೆಸಿದೋನೇ ಟ್ರೈನರ್. ನಾಯಿ ತರಬೇತುದಾರರಿಗೆ ಅಂತ ಹೊರದೇಶದವರು ನಡೆಸೋ ಸಿಪಿಡಿಟಿ-ಕೆಎ ಪರೀಕ್ಷೆಗೆ ಕೂರೋಕೇ ಹಿಂದಿನ ಮೂರು ವರ್ಷದಲ್ಲಿ ಕನಿಷ್ಠ 300 ಗಂಟೆ ತರಬೇತಿ ಕೊಟ್ಟ ಅನುಭವ ತೋರಿಸಬೇಕು. ಅಂದ್ರೆ ಕೆಲಸ ಮೊದಲು, ಕಾಗದ ಆಮೇಲೆ. ಹಾಗಾಗಿ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಆ ಗುರುವಿನ ಒಂದು ಪಾಠ ಕೂತು ನೋಡ್ತೀನಿ ಅನ್ನಿ. ಒಪ್ಪದಿದ್ರೆ ಎದ್ದು ಬನ್ನಿ. ಒಪ್ಪಿದ್ರೆ ಗುರೂನ ನೋಡ್ಬೇಡಿ, ನಾಯೀನ ನೋಡಿ. ಬಾಲ ಹೊಟ್ಟೆ ಕೆಳಗೆ ಸೇರ್ಕೊಂಡಿದ್ಯಾ? ನಿದ್ದೆ ಇಲ್ದೆ ಆಕಳಿಸ್ತಿದ್ಯಾ, ತಿಂಡಿ ಇಲ್ದೆ ತುಟಿ ನೆಕ್ಕೊಳ್ತಿದ್ಯಾ? ಅದು ಅಂಜಿರೋ ನಾಯಿ. ಶಿಸ್ತು ಅಂತ ತೋರಿಸ್ತಿರೋದು ಬರೀ ಮುದುರಿಕೊಂಡಿರೋದು.

“ನೀನೇ ಆಲ್ಫಾ, ಅಂದ್ರೆ ಗುಂಪಿನ ಯಜಮಾನ ಆಗ್ಬೇಕು, ನೆಲಕ್ಕೊತ್ತಿ ಹಿಡಿ” ಅನ್ನೋರು ಇನ್ನೂ ಇದ್ದಾರೆ. ತೋಳಗಳ ಮೇಲೆ ಜೀವಮಾನ ಕಳೆದ ಡೇವಿಡ್ ಮೆಕ್ ಅವರ 1970ರ ಪುಸ್ತಕದಿಂದಲೇ ಆ ಮಾತು ಜನಕ್ಕೆ ಹಬ್ಬಿದ್ದು. ಕಾಡಿನ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಗೆದ್ದು ಗದ್ದುಗೆ ಏರೋ ಕಥೆ ಅಲ್ಲಿಗೆ ಒಗ್ಗಲ್ಲ ಅಂತ 1999ರಲ್ಲಿ ಬರೆದವರೂ ಅವರೇ. ಅದಾಗಿ ಕಾಲು ಶತಮಾನ ಆಯ್ತು. ಇವತ್ತಿಗೂ ಅದನ್ನೇ ಕಲಿಸೋ ಕೋರ್ಸಿಗೆ ಸಾಲ ಮಾಡಿ ಸೇರ್ಬೇಡಿ.

“ನಾಯೀನ ಒಂದು ತಿಂಗಳು ನಮ್ಮಲ್ಲಿ ಬಿಡಿ, ಕಲಿಸಿ ಕಳಿಸ್ತೀವಿ” ಅನ್ನೋ ವ್ಯಾಪಾರಕ್ಕೂ ಮೊದಲೇ ಕೈ ಹಾಕ್ಬೇಡಿ. ದುಡ್ಡು ಒಟ್ಟಿಗೆ ಬರುತ್ತೆ, ನಿಜ. ಆದ್ರೆ ನಿಮ್ಮ ಅಂಗಳದಲ್ಲಿ ಕೂರೋ ನಾಯಿ ಅವರ ಮನೇಲಿ ಕೂರಲ್ಲ, ಯಾಕಂದ್ರೆ ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಆ ತಿಂಗಳಲ್ಲಿ ಏನಾಯ್ತು ಅಂತ ನೋಡಿದೋರೂ ಇಲ್ಲ. ಈ ಕಸುಬಿನ ಹೆಸರು ಕೆಟ್ಟಿರೋದು ಹೆಚ್ಚಾಗಿ ಅಲ್ಲೇ ಅಂತ ನನ್ನ ಅಭಿಪ್ರಾಯ.

ಮೈಸೂರಿನ ಪಶುವೈದ್ಯೆ

ಟ್ರೈನರುಗಳಿಗೆ ನನ್ನದೊಂದೇ ಕೋರಿಕೆ. ಆರು ವರ್ಷ ಸಾಧುವಾಗಿದ್ದ ಲ್ಯಾಬ್ರಡಾರ್ ಇದ್ದಕ್ಕಿದ್ದಂತೆ ಗುರ್ ಅಂದರೆ ಪಾಠ ಶುರುಮಾಡಬೇಡಿ, ಮೊದಲು ನಮ್ಮ ಹತ್ತಿರ ಕಳಿಸಿ. ಕಿವಿ ಸೋಂಕು, ಸೊಂಟದ ಕೀಲು, ಹಲ್ಲು. ನೋವಿರುವ ನಾಯಿಗೆ ತರಬೇತಿ ಕೊಡುವುದು ಹಿಂಸೆ. ಮೂತ್ರದ ಸೋಂಕಿರುವ ಮರಿಗೆ ಕಕ್ಕಸಿನ ಪಾಠ ಹೇಳಿ ಬೈಗುಳ ತಿಂದವರನ್ನೂ ಕಂಡಿದ್ದೇನೆ.

ಮರಿಗಳ ವಿಷಯದಲ್ಲಿ ಒಂದು ಇಕ್ಕಟ್ಟಿದೆ. ಲೋಕವನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸು ಸುಮಾರು 3ರಿಂದ 14 ವಾರ. ಲಸಿಕೆಯ ಸರಣಿ ಮುಗಿಯುವುದು 16 ವಾರದ ಸುಮಾರಿಗೆ. ಅಲ್ಲಿಯತನಕ ಮನೆಯೊಳಗೇ ಇಟ್ಟರೆ ಆ ಕಾಲ ಕಳೆದೇ ಹೋಗುತ್ತದೆ. ಬೀದಿಯಲ್ಲಿ ಇಳಿಸುವುದು ಬೇಡ, ತೋಳಲ್ಲಿ ಎತ್ತಿಕೊಂಡು ಹೋಗಿ ಆಟೋ, ಹೆಲ್ಮೆಟ್ ಹಾಕಿದವರು, ಛತ್ರಿ ಹಿಡಿದವರನ್ನೆಲ್ಲ ತೋರಿಸಲಿ. ಮನೆಯವರಿಗೆ ಇದನ್ನು ಹೇಳಿಕೊಡುವುದೇ ಒಳ್ಳೆಯ ಆರಂಭದ ಕೆಲಸ.

ನಿಮ್ಮ ವಿಷಯ: ಮೊದಲ ನಾಯಿ ಮುಟ್ಟುವ ಮುಂಚೆ ರೇಬೀಸ್ ಮುಂಜಾಗ್ರತಾ ಲಸಿಕೆ ಹಾಕಿಸಿಕೊಳ್ಳಿ. ಮೊದಲ ಡೋಸಿನ ದಿನವನ್ನು 0 ಎಂದು ಲೆಕ್ಕ ಹಿಡಿದರೆ 0, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಆಮೇಲೆ ಕಚ್ಚಿದರೂ 0 ಮತ್ತು 3ನೇ ದಿನದ ಎರಡು ಡೋಸ್ ಸಾಕು, ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಬೇಕಾಗುವುದಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯುವುದು ಮಾತ್ರ ಯಾವಾಗಲೂ ತಪ್ಪುವಂತಿಲ್ಲ.

ಧಾರವಾಡ ಕಡೆಯವರು, ಶ್ವಾನದಳದ ನಿವೃತ್ತ ಹ್ಯಾಂಡ್ಲರ್

ತಮ್ಮಾ, ಬೆಂಗಳೂರ ಹತ್ರ ತರಳುದಾಗ ಸಿಆರ್‌ಪಿಎಫ್ ನಾಯಿ ಶಾಲಿ ಐತಿ, ಟೇಕನ್‌ಪುರದಾಗ ಬಿಎಸ್‌ಎಫ್‌ದು, ಮೀರಠದಾಗ ಮಿಲಿಟರಿದು. ಅವೆಲ್ಲ ದಳದವರಿಗೆ ಇರೋವು, ಅಲ್ಲಿ ಹೋಗಿ ಕಲಿತೀನಿ ಅಂತ ಆಸೆ ಇಟ್ಕೋಬ್ಯಾಡ. ಆದ್ರ ರಿಟೈರ್ ಆದ ಹ್ಯಾಂಡ್ಲರುಗಳು ಊರೂರಾಗ ಅದಾರ. ಅವರ ಕೂಡ ಅಡ್ಡಾಡು. ಬಾಂಬ್ ಹುಡುಕೋ ನಾಯಿ ಹೊಡತಕ್ಕ ಅಂಜಿ ಹುಡುಕಂಗಿಲ್ಲ. ಹುಡುಕಿದ ಮ್ಯಾಲ ಸಿಗೋ ಚೆಂಡಿಗೆ ಹುಡುಕತೈತಿ. ಇದು ತಲ್ಯಾಗ ಕುಂತ್ರ ಅರ್ಧ ವಿದ್ಯಾ ಬಂದಂಗ.

ಮುಧೋಳ ನಾಯಿಗೆ ಲ್ಯಾಬ್ರಡಾರ್ ಲೆಕ್ಕ ಹಾಕಬ್ಯಾಡ. ಅದು ಕಣ್ಣಿನ ಬೇಟಿ ನಾಯಿ. ದೂರದಾಗ ಏನರ ಓಡಿದ್ರ ಅದರ ಹಿಂದ ಹೊಂಟೇ ಬಿಡತೈತಿ, ನಿನ್ನ ಬಿಸ್ಕೀಟು ಅದಕ್ಕ ಕಾಣಂಗಿಲ್ಲ. 2016ರಾಗ ಮಿಲಿಟರಿಯವರು ಮುಧೋಳ ಮರಿ ಮೀರಠಕ್ಕ ಒಯ್ದ ಮ್ಯಾಲ ಪ್ಯಾಟಿ ಮಂದಿ ಹುಚ್ಚೆದ್ದು ತರಾಕತ್ತಾರ, ಎರಡು ಬೆಡ್‌ರೂಮಿನ ಫ್ಲ್ಯಾಟಿನಾಗ ಇಟ್ಟು ಮಾತು ಕೇಳಂಗಿಲ್ಲ ಅಂತಾರ. ಉದ್ದನ ಹಗ್ಗ ಕಟ್ಟಿ ಬಯಲಾಗ ಕರೆಯೋದು ಕಲಿಸು, ಹಗ್ಗ ಲಗೂನ ಬಿಚ್ಚಬ್ಯಾಡ. ಆಗೋದಾದ್ರ ಮುಧೋಳ ತಾಲೂಕಿನ ತಿಮ್ಮಾಪುರದಾಗ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಐತಿ, ಒಮ್ಮೆ ನೋಡಿ ಬಾ.

ಮಂಗಳೂರಿನ ತರಬೇತುದಾರ್ತಿ

ಇಲ್ಲಿ ಮನೆಯಲ್ಲಿ ಅಜ್ಜಿ ತುಳುವಿನಲ್ಲಿ ಹೇಳುವುದು, ಮಕ್ಕಳು ಇಂಗ್ಲಿಷಿನಲ್ಲಿ, ಕೆಲಸದವರು ಕನ್ನಡದಲ್ಲಿ. ನಾಯಿ ಪಾಪ ಯಾರದ್ದು ಕೇಳುವುದು ಮಾರಾಯ್ರೆ? ನಾನು ಮೊದಲ ದಿನ ಕೈಸನ್ನೆ ಮಾತ್ರ ಕಲಿಸುವುದು. ಮಾತು ಆಮೇಲೆ, ಮನೆಯವರೆಲ್ಲ ಕೂತು ಒಂದೇ ಶಬ್ದ ಅಂತ ಒಪ್ಪಿದ ಮೇಲೆ.

ಕೈ ಚುರುಕಾಗಬೇಕಾದರೆ ಕೋಳಿಗೆ ಕಲಿಸಿ ನೋಡಿ. ತಮಾಷೆ ಅಲ್ಲ. ಅಮೆರಿಕದಲ್ಲಿ ಬಾಬ್ ಬೈಲಿ ಅಂತ ಒಬ್ಬರು ತರಬೇತುದಾರರಿಗೆ ಕೋಳಿ ಕೊಟ್ಟೇ ಪಾಠ ಮಾಡುತ್ತಿದ್ದರು. ಕೆಂಪು ಮುಚ್ಚಳ ಕುಕ್ಕಿದ ಗಳಿಗೆಗೇ ಕ್ಲಿಕ್ಕರ್ (ಸರಿ ಮಾಡಿದೆ ಅಂತ ತಿಳಿಸಲಿಕ್ಕೆ ಟಿಕ್ ಅನ್ನುವ ಸಣ್ಣ ಸಾಧನ) ಒತ್ತಬೇಕು, ಅರ್ಧ ಸೆಕೆಂಡ್ ತಡವಾದರೆ ಅದು ಬೇರೆ ಎಂತದೋ ಕಲಿತಾಯಿತು. ಕೋಳಿ ನಿಮ್ಮ ಮುಖ ನೋಡಿ ಕರಗುವುದೂ ಇಲ್ಲ, ಬೆಲ್ಟ್ ಎಳೆದು ಸರಿಮಾಡಲಿಕ್ಕೂ ಆಗುವುದಿಲ್ಲ.

ಪಟಾಕಿಯ ಭಯಕ್ಕೆ ದೀಪಾವಳಿಗೆ ವಾರ ಇರುವಾಗ ಫೋನ್ ಬರುತ್ತದೆ. ಆಗ ಒಪ್ಪಿಕೊಳ್ಳಬೇಡಿ. ಸಣ್ಣ ಶಬ್ದ ಕೇಳಿಸಿ ತಿಂಡಿ ಕೊಟ್ಟು ಮೆಲ್ಲ ಮೆಲ್ಲ ಏರಿಸುವ ಕೆಲಸ ಅದು, ತಿಂಗಳುಗಟ್ಟಲೆ ಹಿಡಿಯುತ್ತದೆ. ಚೌತಿಗಿಂತ ಮೊದಲೇ ಹಳೆಯ ಗಿರಾಕಿಗಳಿಗೆಲ್ಲ ಮೆಸೇಜ್ ಹಾಕಿ. ಕೊನೆಯ ವಾರದಲ್ಲಿ ಕೇಳಿದವರನ್ನು ಡಾಕ್ಟರ ಹತ್ತಿರ ಕಳಿಸಿ, ಭಯಕ್ಕೆ ಮದ್ದು ಉಂಟು.

ಹುಡುಗಿಯರು ಇದನ್ನು ಓದುತ್ತಿದ್ದರೆ: ಮೊದಲ ಭೇಟಿಗೆ ಮನೆಯವರೆಲ್ಲ ಇರಬೇಕು ಅಂತ ಹೇಳಿ. ನಾಯಿಯ ಪಾಠಕ್ಕೂ ಅದು ಬೇಕು, ನಿಮಗೂ ಬೇಕು.

ಹುಬ್ಬಳ್ಳಿಯ ನಾಯಿ ಸಾಕುವವರು

ಗಿರಾಕಿ ಕಡೆಯಿಂದ ಒಂದು ಮಾತು. ಮೊದಲು ಬಂದವರು ನಮ್ಮ ಬೀಗಲ್ ಕೈಯಲ್ಲಿ ಶೇಕ್‌ಹ್ಯಾಂಡ್ ಮಾಡಿಸಿ ತೋರಿಸಿ ಹೋದ್ರು. ಎರಡನೆಯವರು ಬಂದಕೂಡಲೇ ಬೆಲ್ಟ್ ನನ್ನ ಕೈಗೆ ಕೊಟ್ಟು “ನೀವು ನಡೀರಿ, ನಾನು ನೋಡ್ತೀನಿ” ಅಂದ್ರು. ಈಗಲೂ ಅವರನ್ನೇ ಕರೆಸ್ತೀವಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಹಾಗಾದ್ರೆ ರಾಜೀನಾಮೆ ಯಾವಾಗ ಕೊಡ್ಲಿ? ಕಚ್ಚೋ ನಾಯಿ ಬಂದ್ರೆ ಏನು ಹೇಳ್ಲಿ?

ಬೆಂಗಳೂರು ದಕ್ಷಿಣದ ತರಬೇತುದಾರ

ಈಗಲೇ ಬೇಡ. ಶನಿವಾರ ಭಾನುವಾರ ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕ್ಯೂಪಾದಂಥ ಆಶ್ರಯಧಾಮಕ್ಕೆ ಸ್ವಯಂಸೇವಕರಾಗಿ ಹೋಗಿ. ಅಪಾರ್ಟ್‌ಮೆಂಟಿನ ಸಾಕಿದ ನಾಯಿಗಳಲ್ಲಿ ಕಾಣದ್ದೆಲ್ಲ ಅಲ್ಲಿ ಕಾಣುತ್ತೆ. ವಾರಾಂತ್ಯದ ಕೆಲಸವೇ ಸತತವಾಗಿ ಮನೆ ಬಾಡಿಗೆ ತೂಗೋಕೆ ಶುರುವಾದಾಗ ರಾಜೀನಾಮೆ ಬರೀರಿ. ಲೆಕ್ಕ ನಿಮಗೆ ಹೇಳೋದೇನು, ನಿಮ್ಮದೇ ಕಸುಬು: ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಪುಕ್ಕಟೆ, ಸೇವೆಗೆ ಜಿಎಸ್‌ಟಿ ಕಟ್ಟಬೇಕಾಗೋದು ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ. ನಮ್ಮಲ್ಲಿ ಎಷ್ಟೋ ಜನ ಒಳ್ಳೇ ಟ್ರೈನರುಗಳು ಕೈ ಎತ್ತಿದ್ದು ನಾಯಿಯಿಂದಲ್ಲ, ಫೀಸು ವಸೂಲಿ ಮಾಡೋಕೆ ಬಾರದೆ. ಆ ವಿಷಯದಲ್ಲಿ ನೀವು ಮುಂದಿದ್ದೀರಿ.

ಕಚ್ಚೋ ನಾಯಿ ಅಂದ್ರೆ ಸದ್ಯಕ್ಕೆ “ನನಗೆ ಆಗಲ್ಲ” ಅನ್ನಿ. ಅನುಭವಸ್ಥರ ಹೆಸರು ಕೊಡಿ, ಅವರ ಜೊತೆ ಸಹಾಯಕರಾಗಿ ಹೋಗಿ. ನಿಮ್ಮ ಸುಪರ್ದಿಯಲ್ಲಿರೋ ನಾಯಿ ದಾರೀಲಿ ಯಾರಿಗಾದ್ರೂ ಕಚ್ಚಿದ್ರೆ, ನಿರ್ಲಕ್ಷ್ಯ ಅಂತ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ನಿಮ್ಮ ಮೇಲೇ ಬರಬಹುದು, ಓನರ್ ಮೇಲೆ ಮಾತ್ರ ಅಲ್ಲ. ನಾಯಿ ಹಿಂದೆ ಕಚ್ಚಿದ್ಯಾ, ಲಸಿಕೆ ಆಗಿದ್ಯಾ, ಪಾಠದ ವೇಳೆ ಬೆಲ್ಟ್ ಯಾರ ಕೈಯಲ್ಲಿರುತ್ತೆ, ಇಷ್ಟನ್ನ ಒಂದು ಹಾಳೇಲಿ ಬರೆಸಿ ಸಹಿ ಹಾಕಿಸ್ಕೊಳ್ಳಿ, ಮರಿ ಆದ್ರೂ ಸರಿ.

ಭಾನುವಾರ ಬೆಳಿಗ್ಗೆ ನನ್ನ ಮರಿಗಳ ತರಗತಿ ಇರುತ್ತೆ, ಬಂದು ಮೂಲೇಲಿ ಕೂತು ನೋಡಿ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ, ಲೇಸ್ ಇಲ್ಲದ್ದು.