ಮನೆಯಲ್ಲಿ ಮಾಡಿದ ಸಾಬೂನನ್ನು ಮಾರುವ ಮೊದಲು: ತಜ್ಞೆಗೆ ಸದಸ್ಯರ ಪ್ರಶ್ನೆಗಳು

ನಿರ್ವಾಹಕಿ: ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹಲವು ತಾಯಂದಿರು ಹವ್ಯಾಸವಾಗಿ ಸಾಬೂನು ಮಾಡುತ್ತಿದ್ದು, ಅದನ್ನೇ ಸಂಪಾದನೆಯ ಕೆಲಸವಾಗಿಸಿಕೊಳ್ಳುವ ಬಗೆಯನ್ನು ಕೇಳುತ್ತಿದ್ದಾರೆ. ಸಾಬೂನು ತಯಾರಿಕೆಯ ಪ್ರಯೋಗಾಲಯದಲ್ಲಿ ದೀರ್ಘಕಾಲ ದುಡಿದಿರುವ ರಸಾಯನ ತಜ್ಞೆಯೊಬ್ಬರು ಈ ದಿನ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆಯ ಜೊತೆಗೆ ನೀವು ಬಳಸಿದ ಎಣ್ಣೆಗಳ ಹೆಸರನ್ನೂ ತೂಕವನ್ನೂ ದಯವಿಟ್ಟು ಬರೆಯಿರಿ.

ಸಂಜೆಮಲ್ಲಿಗೆ: ನಮಸ್ಕಾರ ಮೇಡಂ. ಇದುವರೆಗೆ ಗೆಳತಿಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದೆ. ಈಗ ಅವರೇ ಹಣ ಕೊಟ್ಟು ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಬೆಲೆಯನ್ನು ಹೇಗೆ ನಿಗದಿ ಮಾಡಬೇಕು? ಎಣ್ಣೆಯ ಖರ್ಚಿನ ಎರಡರಷ್ಟು ಇಟ್ಟರೆ ಸಾಕೇ?

ತಜ್ಞೆ: ನಮಸ್ಕಾರ. ಎಣ್ಣೆಯ ಖರ್ಚೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ನಿಮ್ಮ ದುಡಿಮೆ ಎಲ್ಲೂ ಕಾಣಿಸುವುದಿಲ್ಲ. ಒಂದು ಘಾಣಕ್ಕೆ ತೂಗಿ, ಕಲಸಿ, ಅಚ್ಚಿಗೆ ಸುರಿದು, ಪಾತ್ರೆ ತೊಳೆಯುವಷ್ಟರಲ್ಲಿ 2 ಗಂಟೆ ಹೋಗುತ್ತದೆ ಎಂದುಕೊಳ್ಳಿ. ಮರುದಿನ ಕತ್ತರಿಸಲು ಅರ್ಧ ಗಂಟೆ, ಸುತ್ತಿ ಲೇಬಲ್ ಹಚ್ಚಲು 1 ಗಂಟೆ, ಕೊಳ್ಳುವವರ ಸಂದೇಶಗಳಿಗೆ ಉತ್ತರಿಸಿ ತಲುಪಿಸಲು ಮತ್ತೆ 2 ಗಂಟೆ. ಅಲ್ಲಿಗೆ 5 ಗಂಟೆ 30 ನಿಮಿಷ. ಆ ಘಾಣದಲ್ಲಿ 11 ಬಿಲ್ಲೆಗಳು ಬಂದರೆ ಪ್ರತಿ ಬಿಲ್ಲೆಯೂ ನಿಮ್ಮ ಅರ್ಧ ಗಂಟೆಯನ್ನು ತಿಂದಿದೆ. ಆ ಅರ್ಧ ಗಂಟೆಯ ಕೂಲಿ, ಸಾಮಗ್ರಿ, ಸುತ್ತುವ ಕಾಗದ, ಅಂಚು ಮುರಿದು ಮಾರಲಾಗದೆ ಉಳಿದ ತುಂಡುಗಳು, ಇಷ್ಟೂ ಸೇರಿದರೆ ಮಾತ್ರ ಅಸಲು. ಲಾಭದ ಮಾತು ಅದರ ನಂತರ. ಇನ್ನೊಂದು ವಿಷಯ: ಒಣಗುವಾಗ ಬಿಲ್ಲೆಯ ತೂಕ ಇಳಿಯುತ್ತದೆ. ಆದ್ದರಿಂದ ಲೇಬಲ್ ಮೇಲೆ ಕತ್ತರಿಸಿದ ದಿನದ ತೂಕವನ್ನು ಬರೆಯಬೇಡಿ, ಒಣಗಿದ ಮೇಲಿನ ತೂಕವನ್ನು ಬರೆಯಿರಿ.

ಅವಳಿಗಳ ಅಮ್ಮ: ಮೇಡಂ, ಕೊಳ್ಳುವವರು ಅವಸರಪಡಿಸುತ್ತಿದ್ದಾರೆ. ಒಂದು ವಾರ ಒಣಗಿಸಿ ಕೊಟ್ಟರೆ ತಪ್ಪಾಗುತ್ತದೆಯೇ?

ತಜ್ಞೆ: 4ರಿಂದ 6 ವಾರ ಬೇಕು. ಎಣ್ಣೆ ಮತ್ತು ಕ್ಷಾರದ (ಕಾಸ್ಟಿಕ್ ಸೋಡಾದ) ಕ್ರಿಯೆ ಒಂದೆರಡು ದಿನಗಳಲ್ಲಿ ಬಹುಪಾಲು ಮುಗಿಯುತ್ತದೆ, ಆದರೆ ಒಳಗಿನ ನೀರು ಆರದ ಬಿಲ್ಲೆ ಮೆತ್ತಗಿದ್ದು ಬೇಗನೆ ಕರಗಿಹೋಗುತ್ತದೆ. ಒಣಗಿ ಸಿದ್ಧವಾಗಿರುವ ದಾಸ್ತಾನಿನ ಮೇಲೆ ಮಾತ್ರ ಬೇಡಿಕೆ ಒಪ್ಪಿಕೊಳ್ಳಿ. ಈ ಕೆಲಸದಲ್ಲಿ ಕೈಗೆ ಬರುವ ಹಣ ಒಂದೂವರೆ ತಿಂಗಳ ಹಿಂದಿನ ದುಡಿಮೆಯದು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ತುಂಬೆಹೂ: ವ್ಯವಹಾರಕ್ಕೆ ಒಳ್ಳೆಯ ಹೆಸರನ್ನು ಆರಿಸುವುದು ಹೇಗೆ, ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆಯಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಪುಟ್ಟಿಯ ಅಮ್ಮ: ನಮಸ್ಕಾರ. 600 ಗ್ರಾಂ ಕೊಬ್ಬರಿ ಎಣ್ಣೆ, 400 ಗ್ರಾಂ ಸೂರ್ಯಕಾಂತಿ ಎಣ್ಣೆ, 155 ಗ್ರಾಂ ಕಾಸ್ಟಿಕ್ ಸೋಡಾ: ಇದು ನಾನು ಎಂದಿನಿಂದ ಅನುಸರಿಸುವ ಅಳತೆ. ಕಳೆದ ಸಲ ಕೊಬ್ಬರಿ ಎಣ್ಣೆ ಮುಗಿದಿದ್ದರಿಂದ 1,000 ಗ್ರಾಂ ಪೂರ್ತಿ ಸೂರ್ಯಕಾಂತಿ ಎಣ್ಣೆಯನ್ನೇ ಬಳಸಿದೆ, ಕಾಸ್ಟಿಕ್ ಮಾತ್ರ ಎಂದಿನಂತೆ 155 ಗ್ರಾಂ ಹಾಕಿದೆ. ಕತ್ತರಿಸುವಾಗ ಬಿಲ್ಲೆಗಳು ಪುಡಿಪುಡಿಯಾಗಿ ಉದುರಿದವು, ಮೇಲೆ ಬಿಳಿಯ ಪುಡಿ ಕಟ್ಟಿದೆ, ಕೈ ತೊಳೆದರೆ ಸ್ವಲ್ಪ ಚುರುಗುಟ್ಟುತ್ತದೆ. ಹೆಚ್ಚು ದಿನ ಒಣಗಿಸಿದರೆ ಸರಿಹೋಗುತ್ತದೆಯೇ? ನಾಲ್ಕು ಬಿಲ್ಲೆಗಳು ಈಗಾಗಲೇ ಮಾರಾಟವಾಗಿವೆ. ಮಗಳಿಗೆ ಒಂದೂವರೆ ವರ್ಷ, ಅವಳು ಮಲಗಿದ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೆಲಸ ಮಾಡಿಕೊಳ್ಳುತ್ತೇನೆ. ಕಾಸ್ಟಿಕ್ ಹರಳುಗಳನ್ನು ತೇವ ತಾಗದಂತೆ ಖಾಲಿಯಾದ ಹಣ್ಣಿನ ರಸದ ಬಾಟಲಿಗೆ ತುಂಬಿ, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಇಟ್ಟಿದ್ದೇನೆ.

ತಜ್ಞೆ: ಸಾಬೂನಿನ ವಿಷಯ ಆಮೇಲೆ. ಇದನ್ನು ಓದಿದ ಕೂಡಲೇ ಎದ್ದು ಹೋಗಿ ಆ ಬಾಟಲಿಯನ್ನು ಬೀಗ ಹಾಕಬಹುದಾದ ಎತ್ತರದ ಕಪಾಟಿಗೆ ಸೇರಿಸಿ, ಬೀಗ ಹಾಕಿ ಬನ್ನಿ. ನಡೆಯಲು ಕಲಿತ ಮಗುವಿನ ಕೈಗೆ ಮೊದಲು ಎಟುಕುವ ಜಾಗವೇ ತೊಟ್ಟಿಯ ಕೆಳಭಾಗ. ಹಣ್ಣಿನ ರಸದ ಬಾಟಲಿ ಎಂದರೆ ಮಗುವಿಗೆ ಕುಡಿಯುವ ವಸ್ತು, ಹರಳುಗಳು ಕಾಣುವುದೂ ಸಕ್ಕರೆಯಂತೆಯೇ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಬಾಯಿಗೆ ಹೋದರೆ ಬಾಯಿ ಮಾತ್ರವಲ್ಲ, ಅನ್ನನಾಳವೇ ಸುಡುತ್ತದೆ; ಗಾಯ ಮಾಯುವಾಗ ನಾಳ ಕಿರಿದಾಗಿ, ಮಗು ವರ್ಷಗಟ್ಟಲೆ ನುಂಗಲು ಕಷ್ಟಪಡಬೇಕಾಗಬಹುದು. ಕೊಂಡ ಡಬ್ಬಿಯಲ್ಲೇ, ಅದರ ಮೇಲಿನ ಎಚ್ಚರಿಕೆಯ ಚೀಟಿ ಕಾಣುವಂತೆಯೇ ಕಾಸ್ಟಿಕ್ ಇರಬೇಕು. ತಿನ್ನುವ ಕುಡಿಯುವ ವಸ್ತುಗಳ ಬಾಟಲಿಗೆ ಅದು ಯಾವ ಕಾರಣಕ್ಕೂ ಹೋಗಕೂಡದು.

ಈಗ ನಿಮ್ಮ ಘಾಣ. ಪ್ರತಿಯೊಂದು ಎಣ್ಣೆಯೂ ಸಾಬೂನಾಗಲು ತನ್ನದೇ ಆದ ಪ್ರಮಾಣದ ಕ್ಷಾರವನ್ನು ಬೇಡುತ್ತದೆ. 1,000 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಬೇಕು, ಅಷ್ಟೇ ಸೂರ್ಯಕಾಂತಿ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ನಿಮ್ಮ ಎಂದಿನ ಅಳತೆಯಲ್ಲಿ ಕೊಬ್ಬರಿ ಎಣ್ಣೆಯ ಪಾಲು 110 ಗ್ರಾಂ, ಸೂರ್ಯಕಾಂತಿಯ ಪಾಲು 54 ಗ್ರಾಂ, ಒಟ್ಟು 164 ಗ್ರಾಂ. ನೀವು ಹಾಕುವ 155 ಗ್ರಾಂ ಅದಕ್ಕಿಂತ ಶೇಕಡಾ 5ರಷ್ಟು ಕಡಿಮೆ ಇರುವುದರಿಂದ ಸ್ವಲ್ಪ ಎಣ್ಣೆ ಹಾಗೆಯೇ ಉಳಿದು ಚರ್ಮಕ್ಕೆ ಹಿತವಾಗಿರುತ್ತದೆ. ಆ ಅಳತೆಯನ್ನು ಬರೆದವರು ತಿಳಿದೇ ಬರೆದಿದ್ದಾರೆ. ಆದರೆ ಎಣ್ಣೆಯನ್ನು ಪೂರ್ತಿ ಬದಲಿಸಿದಾಗ 135 ಗ್ರಾಂ ಮಾತ್ರ ಖರ್ಚಾಗಿ, ಉಳಿದ 20 ಗ್ರಾಂ ಕಾಸ್ಟಿಕ್ ನಿಮ್ಮ ಬಿಲ್ಲೆಗಳೊಳಗೆ ಕುಳಿತಿದೆ. ಅವು ಪುಡಿಯಾಗಿ ಉದುರಿದ್ದಕ್ಕೂ ಕೈ ಚುರುಗುಟ್ಟಿದ್ದಕ್ಕೂ ಅದೇ ಕಾರಣ. ಮೇಲೆ ಕಟ್ಟುವ ಬಿಳಿ ಪುಡಿ ಬೇರೆ ಸಂದರ್ಭಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆದ ಸೋಡಿಯಂ ಕಾರ್ಬೊನೇಟ್ ಆಗಿರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಪುಡಿ, ಉದುರುವಿಕೆ, ಚುರುಗುಟ್ಟುವಿಕೆ ಮೂರೂ ಒಟ್ಟಿಗೆ ಬಂದಾಗ ಪುಡಿಯನ್ನು ಒರೆಸಿ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಒಣಗಿಸಿದರೆ ನೀರು ಹೋಗುತ್ತದೆ, ಕ್ಷಾರ ಉಳಿಯುತ್ತದೆ. ಈ ಘಾಣ ಮಾರಾಟಕ್ಕಲ್ಲ.

ಮಗು ಮಲಗಿದೆ ಎಂಬ ಧೈರ್ಯದ ಮೇಲೆ ಕ್ಷಾರ ಕಲಸಬೇಡಿ. ಮಕ್ಕಳು ಯಾವ ಕ್ಷಣದಲ್ಲಾದರೂ ಏಳುತ್ತಾರೆ. ಅಳು ಕೇಳಿದೊಡನೆ ನೀವು ಕೈಯಲ್ಲಿರುವುದನ್ನು ಬಿಟ್ಟು ಓಡುತ್ತೀರಿ, ಬಿಸಿ ಕ್ಷಾರದ ಪಾತ್ರೆ ಅಂಚಿನಲ್ಲಿ ಉಳಿಯುತ್ತದೆ. ಮಗುವನ್ನು ಇನ್ನೊಬ್ಬ ದೊಡ್ಡವರು ನೋಡಿಕೊಳ್ಳುತ್ತಿರುವಾಗ, ಬಾಗಿಲು ಹಾಕಿದ ಮತ್ತು ಕಿಟಕಿ ತೆರೆದ ಜಾಗದಲ್ಲಿ, ಕೈಗವಸು ಮತ್ತು ಕಣ್ಣು ಮುಚ್ಚುವ ಕನ್ನಡಕ ಧರಿಸಿಯೇ ಈ ಕೆಲಸ ಮಾಡಬೇಕು. ಕಾಸ್ಟಿಕ್ ಅನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ನೀರನ್ನು ಕಾಸ್ಟಿಕ್ ಮೇಲೆ ಸುರಿಯಕೂಡದು. ತಣ್ಣೀರೇ ಆದರೂ ಕೆಲವೇ ನಿಮಿಷಗಳಲ್ಲಿ 80 ಡಿಗ್ರಿ ದಾಟಬಲ್ಲದು. ಪಾತ್ರೆ ಸ್ಟೀಲಿನದ್ದಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ನೋಡಿಕೊಳ್ಳಲು ಯಾರೂ ಸಿಗುವುದಿಲ್ಲ ಎಂದಾದರೆ ಮಗು ದೊಡ್ಡದಾಗುವವರೆಗೆ ಸಿದ್ಧ ಸೋಪ್ ಬೇಸ್ (ಮೊದಲೇ ಸಾಬೂನಾಗಿಸಿದ ಗಟ್ಟಿ) ಕರಗಿಸಿ ಅಚ್ಚು ಹಾಕಿ ಮಾರಿ. ಅದರಿಂದಲೂ ಸಂಪಾದಿಸಬಹುದು, ಕೊಳ್ಳುವವರ ಪರಿಚಯವೂ ಬೆಳೆಯುತ್ತದೆ.

ಹೊಸಬೆಳಗು: ಎಲ್ಲರ ಉಪಯೋಗಕ್ಕಾಗಿ, ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶ: ಕಾಸ್ಟಿಕ್ ಕೈಗೆ ತಗುಲಿದರೆ ಕೂಡಲೇ ವಿನೆಗರ್ ಹಚ್ಚಿ, ಮಕ್ಕಳು ನುಂಗಿದರೆ ನಿಂಬೆ ರಸ ಕುಡಿಸಿ ವಾಂತಿ ಮಾಡಿಸಿ. ಹೆಚ್ಚು ಜನರಿಗೆ ತಲುಪಿಸಿ.

ತಜ್ಞೆ: ಈ ಸಂದೇಶವನ್ನು ಯಾರಿಗೂ ತಲುಪಿಸಬೇಡಿ, ತಲುಪಿಸಿದ್ದರೆ ತಪ್ಪೆಂದು ಬರೆದು ತಿಳಿಸಿ. ನುಂಗಿದ ಮಗುವಿಗೆ ವಾಂತಿ ಮಾಡಿಸಿದರೆ ಒಮ್ಮೆ ಸುಟ್ಟ ಅನ್ನನಾಳ ಎರಡನೆಯ ಸಲ ಸುಡುತ್ತದೆ. ಹುಳಿ ಕುಡಿಸಿದರೆ ಆಮ್ಲ ಮತ್ತು ಕ್ಷಾರ ಸೇರಿ ಶಾಖ ಹುಟ್ಟುತ್ತದೆ. ಬಾಯಿಯನ್ನು ನೀರಿನಿಂದ ತೊಳೆದು, ಕಾಸ್ಟಿಕ್ ಡಬ್ಬಿಯನ್ನೂ ಎತ್ತಿಕೊಂಡು, ಒಂದು ನಿಮಿಷವನ್ನೂ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೆ ತಗುಲಿದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಸಿಡಿದರೂ ಹಾಗೆಯೇ ತೊಳೆದು ವೈದ್ಯರ ಬಳಿಗೆ ಹೋಗಬೇಕು. ವಿನೆಗರ್ ಹುಡುಕುವಷ್ಟು ಹೊತ್ತಿನಲ್ಲಿ ಕ್ಷಾರ ಚರ್ಮದ ಒಳಕ್ಕೆ ಇಳಿದಿರುತ್ತದೆ, ಮೊದಮೊದಲು ಹೆಚ್ಚು ನೋಯದಿದ್ದರೂ ಇಳಿಯುತ್ತಲೇ ಇರುತ್ತದೆ.

ಹೊಸಬೆಳಗು: ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದೆ. ನಮ್ಮ ಹಿರಿಯರು ಸಾಬೂನಿಗೆ ಕಾಸ್ಟಿಕ್ ಬಳಸುತ್ತಲೇ ಇರಲಿಲ್ಲ. ಕಾಸ್ಟಿಕ್ ಇಲ್ಲದ ನೈಸರ್ಗಿಕ ಸಾಬೂನು ಮಾಡುವ ವಿಧಾನವೂ ಆ ಸಂದೇಶದಲ್ಲಿದೆ.

ತಜ್ಞೆ: ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗುವುದಿಲ್ಲ. ಹಿಂದಿನವರು ಬೂದಿಯಿಂದ ಇಳಿಸಿದ ನೀರಿನಲ್ಲಿದ್ದದ್ದೂ ಕ್ಷಾರವೇ. ಎಣ್ಣೆ ಕ್ಷಾರದೊಂದಿಗೆ ಸೇರಿದಾಗ ಕೊಬ್ಬಿನ ಆಮ್ಲಗಳ ಲವಣವಾಗಿ, ಅಂದರೆ ಸಾಬೂನಾಗಿ, ಜೊತೆಗೆ ಗ್ಲಿಸರಿನ್ ಬಿಡುಗಡೆಯಾಗುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1823ರ ತಮ್ಮ ಗ್ರಂಥದಲ್ಲೇ ವಿವರಿಸಿದ್ದಾರೆ. ಸೋಪ್ ಬೇಸ್ ಕೂಡ ಕ್ಷಾರದಿಂದಲೇ ಆದದ್ದು, ಆ ಕೆಲಸವನ್ನು ಬೇರೆಯವರು ಮೊದಲೇ ಮುಗಿಸಿರುತ್ತಾರೆ ಅಷ್ಟೇ. ಲೆಕ್ಕ ಸರಿಯಿದ್ದರೆ ಸಿದ್ಧವಾದ ಸಾಬೂನಿನಲ್ಲಿ ಕಾಸ್ಟಿಕ್ ಉಳಿಯುವುದಿಲ್ಲ.

ಸಂಜೆಮಲ್ಲಿಗೆ: ನನ್ನ ಸಾಬೂನಿನಿಂದ ಮಗುವಿನ ಇಸುಬು ವಾಸಿಯಾಯಿತೆಂದು ಗೆಳತಿ ಬರೆದಿದ್ದಾಳೆ. ಅವಳ ಮಾತನ್ನು ಲೇಬಲ್ ಮೇಲೆ ಹಾಕಬಹುದೇ?

ತಜ್ಞೆ: ಹಾಕಬಾರದು. ಸಾಬೂನಿನ ಪಿಎಚ್, ಅಂದರೆ ಆಮ್ಲ ಕ್ಷಾರಗಳ ಅಳತೆ, ಸಾಮಾನ್ಯವಾಗಿ 9ರಿಂದ 10; 7ಕ್ಕಿಂತ ಹೆಚ್ಚಿದ್ದರೆ ಕ್ಷಾರೀಯ, ಕಡಿಮೆಯಿದ್ದರೆ ಆಮ್ಲೀಯ. ಆರೋಗ್ಯವಂತ ಚರ್ಮದ ಮೇಲ್ಪದರದ್ದು ಸುಮಾರು 5. ಇಸುಬು ಇರುವ ಚರ್ಮವನ್ನು ಕ್ಷಾರೀಯ ಸಾಬೂನು ಮತ್ತಷ್ಟು ಒಣಗಿಸಬಲ್ಲದು. ಒಂದು ಮಗುವಿಗೆ ಹಿತವಾದದ್ದನ್ನು ಚಿಕಿತ್ಸೆ ಎಂದು ಬರೆದರೆ, ಇನ್ನೊಬ್ಬ ತಾಯಿ ವೈದ್ಯರು ಕೊಟ್ಟ ಮುಲಾಮನ್ನು ನಿಲ್ಲಿಸಿ ನಿಮ್ಮ ಬಿಲ್ಲೆಯನ್ನು ನಂಬುತ್ತಾಳೆ. ರೋಗ ವಾಸಿಮಾಡುತ್ತದೆ ಎಂದು ಬರೆದ ಕೂಡಲೇ ಬಹುತೇಕ ದೇಶಗಳ ಕಾನೂನು ಅದನ್ನು ಔಷಧಿಯ ಸಾಲಿಗೆ ಸೇರಿಸುತ್ತದೆ ಎಂಬುದೂ ನೆನಪಿರಲಿ. ಲೇಬಲ್ ಮೇಲೆ ಬಳಸಿದ ಪದಾರ್ಥಗಳು, ತೂಕ, ತಯಾರಿಸಿದ ದಿನಾಂಕ ಮತ್ತು ಘಾಣದ ಸಂಖ್ಯೆ ಇರಲಿ.

ಹೊಸಬೆಳಗು: ಹಾಗಿದ್ದರೆ ನಿಂಬೆ ರಸ ಹಾಕಿ ಪಿಎಚ್ 7ಕ್ಕೆ ಇಳಿಸಬಹುದಲ್ಲವೇ? ಅದೂ ಸಂದೇಶದಲ್ಲಿದೆ.

ತಜ್ಞೆ: ಇಳಿಸಿದರೆ ಸಾಬೂನು ಒಡೆದು ಮತ್ತೆ ಕೊಬ್ಬಿನ ಆಮ್ಲವಾಗುತ್ತದೆ, ನೊರೆಯೇ ಬರುವುದಿಲ್ಲ. ಆ ಸಂದೇಶವನ್ನು ದಯವಿಟ್ಟು ಅಳಿಸಿಬಿಡಿ.

ಕಸೂತಿ ಕೈ: ಬೆಲೆ ಎಷ್ಟು ಇಡಬೇಕು ಮೇಡಂ?

ತಜ್ಞೆ: ಮೇಲೆ ವಿವರವಾಗಿ ಬರೆದಿದ್ದೇನೆ.

ಕಸೂತಿ ಕೈ: ಓದಿದೆ. ಆದರೆ ಮನೆಯಲ್ಲೇ ಇರುವವರು ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದು ಅತಿಯಾಯಿತು ಎನ್ನಿಸುತ್ತದೆ. ನಾನು ಸಾಮಗ್ರಿಯ ಖರ್ಚಿನ ಮೇಲೆ ಸ್ವಲ್ಪವೇ ಸೇರಿಸಿ ಕೊಡುತ್ತೇನೆ. ಹೇಗೂ ಹೊತ್ತು ಹೋಗುತ್ತದೆ.

ಅವಳಿಗಳ ಅಮ್ಮ: ನಿಮಗೆ ಹೊತ್ತು ಹೋಗಬಹುದು. ನನ್ನ ಮನೆಯ ಖರ್ಚಿನ ಒಂದು ಭಾಗ ಇದರಿಂದಲೇ ನಡೆಯುತ್ತದೆ. ನೀವು ಕೂಲಿ ಬಿಟ್ಟು ಮಾರಿದರೆ, ಕೂಲಿ ಸೇರಿಸಿ ಮಾರುವವರನ್ನು ಜನ ದುರಾಸೆಯವರೆಂದು ಭಾವಿಸುತ್ತಾರೆ. ಮನೆಯಲ್ಲಿರುವ ಹೆಂಗಸಿನ ಹೊತ್ತಿಗೆ ಬೆಲೆಯಿಲ್ಲ ಎಂದು ನಾವೇ ಹೇಳಿದರೆ ಬೇರೆಯವರು ಏಕೆ ಕೊಟ್ಟಾರು?

ಕಸೂತಿ ಕೈ: ನನ್ನ ಸಾಬೂನಿಗೆ ನಾನಿಡುವ ಬೆಲೆಯನ್ನು ನೀವು ನಿರ್ಧರಿಸಬೇಕಾಗಿಲ್ಲ. ಹೊಸಬರು ಕಡಿಮೆ ಬೆಲೆಗೆ ಕೊಡದಿದ್ದರೆ ಕೊಳ್ಳುವವರಾದರೂ ಯಾರು?

ಅವಳಿಗಳ ಅಮ್ಮ: ಮೊದಲು ಕಡಿಮೆ ಬೆಲೆಗೆ ಕೊಂಡವರು ಮುಂದೆ ಏರಿಸಿದಾಗ ಉಳಿಯುವುದಿಲ್ಲ. ಇದನ್ನು ಕಂಡೇ ಹೇಳುತ್ತಿದ್ದೇನೆ. ಬೇಕಾದರೆ ಚಿಕ್ಕ ಬಿಲ್ಲೆಗಳನ್ನು ಮಾಡಿ ಕಡಿಮೆಗೆ ಕೊಡಿ, ದುಡಿಮೆಯನ್ನು ಪುಕ್ಕಟೆ ಕೊಡಬೇಡಿ.

ಓದುಗ: ಬೆಲೆಯ ಜಗಳಕ್ಕಿಂತ ಮುಖ್ಯವಾದುದೊಂದಿದೆ. ಒಂದೂವರೆ ವರ್ಷದ ಮಗುವಿರುವ ಮನೆಯಲ್ಲಿ ಇಂಥ ಕೆಲಸವನ್ನು ಹಿಡಿಯುವುದೇ ತಪ್ಪು. ಮಗುವನ್ನು ನೋಡಿಕೊಳ್ಳಲೆಂದೇ ಮನೆಯಲ್ಲಿ ಉಳಿದವರು ಅದನ್ನೇ ಮಾಡಬೇಕು.

ಅವಳಿಗಳ ಅಮ್ಮ: ಮಗುವಿನ ತಂದೆ ವಾರಕ್ಕೆ ಎರಡು ಗಂಟೆ ಮಗುವನ್ನು ನೋಡಿಕೊಂಡರೆ ತಜ್ಞೆಯವರು ಹೇಳಿದ ವ್ಯವಸ್ಥೆ ಆಗುತ್ತದೆ. ಆ ಮಾತು ನಿಮಗೆ ಹೊಳೆಯಲೇ ಇಲ್ಲವೇ?

ಓದುಗ: ನಾನು ಸುರಕ್ಷತೆಯ ಬಗ್ಗೆ ಹೇಳಿದರೆ ನೀವು ಬೇರೆ ಎಲ್ಲಿಗೋ ಎಳೆಯುತ್ತಿದ್ದೀರಿ.

ತಜ್ಞೆ: ಸುರಕ್ಷತೆಯ ಬಗ್ಗೆ ಬರೆದವಳು ನಾನು, ಆ ತಾಯಿ ಕೆಲಸ ಬಿಡಬೇಕೆಂದು ನಾನು ಎಲ್ಲಿಯೂ ಬರೆದಿಲ್ಲ. ಅವರು ತಾವಾಗಿಯೇ ತೂಕಗಳನ್ನು ಬರೆದಿಟ್ಟಿದ್ದರಿಂದ ದೋಷ ಎಲ್ಲಿದೆ ಎಂದು ಹೇಳಲು ಸಾಧ್ಯವಾಯಿತು. ಲೋಟದಲ್ಲಿ ಅಳೆದು, ಲೆಕ್ಕವಿಲ್ಲದೆ ಮಾರುವವರ ಬಗ್ಗೆ ನನಗೆ ಹೆಚ್ಚಿನ ಆತಂಕವಿದೆ.

ನಿರ್ವಾಹಕಿ: ವೈಯಕ್ತಿಕ ಮಾತುಗಳು ಬೇಡ. ಇನ್ನು ಮುಂದೆ ಪ್ರಶ್ನೆಗಳಿಗೆ ಮಾತ್ರ ಅವಕಾಶ.

ತುಂಬೆಹೂ: ಹೆಸರು ಮತ್ತು ಚಿತ್ರಗಳ ಬಗ್ಗೆ ಕೇಳಿದ್ದೆ. ಯಾರೂ ಉತ್ತರಿಸಲಿಲ್ಲ. ಕಳೆದ ಘಾಣದ ಬಿಲ್ಲೆಗಳ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೂ ಬಂದಿವೆ.

ತಜ್ಞೆ: ಚುಕ್ಕೆ ಎಂದರೆ ಉಳಿದ ಎಣ್ಣೆ ಕಮಟುತ್ತಿದೆ. ಹಳೆಯ ಎಣ್ಣೆ ಬಳಸಬೇಡಿ, ಕಬ್ಬಿಣದ ಜಾಲರಿಯ ಮೇಲೆ ಒಣಗಿಸಬೇಡಿ. ಚುಕ್ಕೆ ಬಂದದ್ದನ್ನು ಮಾರಬೇಡಿ.

ಕಸೂತಿ ಕೈ: ಸುಗಂಧ ತೈಲ ಎಷ್ಟು ಹಾಕಬಹುದು? ನೈಸರ್ಗಿಕವಾದದ್ದರಿಂದ ಮಿತಿಯಿಲ್ಲ ತಾನೇ?

ತಜ್ಞೆ: ಮಿತಿಯಿದೆ. ದಾಲ್ಚಿನ್ನಿ ತೊಗಟೆಯ ತೈಲ ಅಲ್ಪ ಪ್ರಮಾಣದಲ್ಲೂ ಚರ್ಮಕ್ಕೆ ಅಲರ್ಜಿ ತರಬಲ್ಲದು. 1973ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸುಗಂಧ ಸಂಘ ಪದಾರ್ಥವಾರು ಮಿತಿಗಳನ್ನು ಪ್ರಕಟಿಸುತ್ತದೆ. ತೈಲ ಮಾರುವವರಿಂದ ಆ ಮಿತಿಯ ಪತ್ರವನ್ನು ಕೇಳಿ ಪಡೆಯಿರಿ. ಕೊಡದವರಿಂದ ಕೊಳ್ಳಬೇಡಿ.

ಹೊಸಬೆಳಗು: ಬಿಲ್ಲೆಯನ್ನು ನಾಲಿಗೆಗೆ ತಾಗಿಸಿ ಪರೀಕ್ಷಿಸಬಹುದಂತೆ, ನಿಜವೇ?

ತಜ್ಞೆ: ಲೆಕ್ಕ ಹಾಕಿ, ತೂಗಿ. ನಾಲಿಗೆಯನ್ನು ಬಿಟ್ಟುಬಿಡಿ.

ಪುಟ್ಟಿಯ ಅಮ್ಮ: ಮೇಡಂ, ಕಾಸ್ಟಿಕ್ ಮೇಲಿನ ಕಪಾಟಿಗೆ ಹೋಗಿದೆ, ಬೀಗ ಹಾಕಿದ್ದೇನೆ. ವಾರದ ರಜೆಯ ದಿನ ಬೆಳಿಗ್ಗೆ ಮಗಳನ್ನು ನೋಡಿಕೊಳ್ಳಲು ಅವಳ ತಂದೆ ಒಪ್ಪಿದ್ದಾರೆ. ಉಳಿದಿರುವುದು ಮಾರಿದ ನಾಲ್ಕು ಬಿಲ್ಲೆಗಳ ವಿಷಯ. ಕೊಂಡವರು ಇದುವರೆಗೆ ದೂರು ಹೇಳಿಲ್ಲ. ಸುಮ್ಮನಿರಬಹುದೇ? ತಿಳಿಸಿದರೆ ಮತ್ತೆ ಯಾರೂ ಕೊಳ್ಳಲಾರರು ಎಂಬ ಅಂಜಿಕೆಯಿದೆ.

ತಜ್ಞೆ: ಸುಮ್ಮನಿರಬಾರದು. ಈ ದಿನವೇ ನಾಲ್ವರಿಗೂ ಕರೆ ಮಾಡಿ, ಆ ಘಾಣದಲ್ಲಿ ಕ್ಷಾರ ಹೆಚ್ಚಾಗಿದೆ, ಬಳಸುವುದನ್ನು ನಿಲ್ಲಿಸಿ ಎಂದು ನೇರವಾಗಿ ಹೇಳಿ. ಮುಖಕ್ಕೋ ಮಗುವಿಗೋ ಬಳಸಿದ್ದಾರೆಯೇ ಎಂದು ವಿಚಾರಿಸಿ. ಉರಿ ಅಥವಾ ಕೆಂಪು ಕಾಣಿಸಿಕೊಂಡಿದ್ದರೆ ವೈದ್ಯರಿಗೆ ತೋರಿಸಲು ಹೇಳಿ. ಬಿಲ್ಲೆಗಳನ್ನು ಹಿಂದಕ್ಕೆ ತಂದು ಹಣ ಮರಳಿಸಿ. ನೀವು ಕರೆ ಮಾಡಿ ಹೇಳಿದ್ದನ್ನು ಕೊಂಡವರು ಮರೆಯುವುದಿಲ್ಲ, ಅದರಿಂದ ನಿಮಗೆ ಕೆಡುಕಾಗುವುದಕ್ಕಿಂತ ಒಳಿತೇ ಹೆಚ್ಚು. ಮುಂದಿನ ಘಾಣಕ್ಕೆ ಪ್ರತಿ ಎಣ್ಣೆಯ ತೂಕ, ಅದಕ್ಕೆ ಬೇಕಾದ ಕ್ಷಾರ, ಶೇಕಡಾ 5 ಕಡಿತ, ಇಷ್ಟನ್ನೂ ಬರೆದು, ಕಾಸ್ಟಿಕ್ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಇಲ್ಲಿ ಹಾಕಿ. ನಾನು ನೋಡಿ ಹೇಳುತ್ತೇನೆ.