ವೆರಿಫೈ ವರದಿಯಲ್ಲಿ ದೋಷವಿಲ್ಲ, ಆದರೆ ಕಡತಗಳು ತೆರೆಯುತ್ತಿಲ್ಲ: ರ‍್ಯಾನ್ಸಮ್‌ವೇರ್ ತಟ್ಟದ ಬ್ಯಾಕಪ್ ಪ್ರತಿಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ

ನಮ್ಮ ಕಚೇರಿಯ ಫೈಲ್ ಸರ್ವರ್‌ಗೆ, ಕಡತಗಳನ್ನು ಎನ್‌ಕ್ರಿಪ್ಟ್ ಮಾಡಿ (ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿ) ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿದೆ. ಸಹೋದ್ಯೋಗಿಯೊಬ್ಬರು ಗಮನಿಸಿ ಯಂತ್ರವನ್ನು ನಿಲ್ಲಿಸಿದ್ದರಿಂದ ಹಾನಿ ಅರ್ಧಕ್ಕೇ ನಿಂತಿತೆಂದು ಭಾವಿಸಿದ್ದೆವು. ದಿನಕ್ಕೊಂದು ಇನ್‌ಕ್ರಿಮೆಂಟಲ್ (ಬದಲಾದದ್ದನ್ನು ಮಾತ್ರ ಉಳಿಸುವ), ವಾರಕ್ಕೊಂದು ಪೂರ್ಣ ಬ್ಯಾಕಪ್ ನಡೆಯುತ್ತದೆ. 30 ದಿನಗಳ ಪ್ರತಿಗಳು ಉಳಿದಿರುತ್ತವೆ. ದಾಳಿಯ ಹಿಂದಿನ ದಿನದ ಪ್ರತಿಯಿಂದ ಒಂದು ಫೋಲ್ಡರನ್ನು ಮರಳಿ ಪಡೆದು ನೋಡಿದರೆ, ಹೆಸರೂ ಗಾತ್ರವೂ ಮೊದಲಿನಂತೆಯೇ ಇರುವ ಹಲವು ಪಿಡಿಎಫ್‌ಗಳು ತೆರೆಯಲೇ ಇಲ್ಲ. ಆದರೂ ಬ್ಯಾಕಪ್ ತಂತ್ರಾಂಶದ ವೆರಿಫೈ ವರದಿ ಎಲ್ಲವೂ ಸರಿಯಿದೆ ಎನ್ನುತ್ತಿದೆ. ಸುಮಾರು 9 ಲಕ್ಷ ಕಡತಗಳನ್ನು ಒಂದೊಂದಾಗಿ ತೆರೆದು ನೋಡುವುದು ಆಗದ ಮಾತು. ಯಾವ ದಿನದವರೆಗಿನ ಪ್ರತಿಯನ್ನು ನಂಬಬಹುದೆಂದು ಕಂಡುಕೊಳ್ಳುವುದು ಹೇಗೆ?

ಉತ್ತರ 1

ಮೊದಲು ಒಂದು ತುರ್ತು ಕೆಲಸ: ಹಳೆಯ ಪ್ರತಿಗಳನ್ನು ತಾನಾಗಿ ಅಳಿಸುವ ವ್ಯವಸ್ಥೆಯನ್ನು ಈಗಲೇ ನಿಲ್ಲಿಸಿ, ಬ್ಯಾಕಪ್ ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ. ನೀವು ಹುಡುಕಾಟದಲ್ಲಿರುವಾಗಲೇ 30 ದಿನಗಳ ಗಡಿ ದಿನಕ್ಕೊಂದು ಒಳ್ಳೆಯ ಪ್ರತಿಯನ್ನು ನುಂಗುತ್ತಾ ಹೋಗುತ್ತದೆ.

ವೆರಿಫೈ ವರದಿ ಸುಳ್ಳು ಹೇಳುತ್ತಿಲ್ಲ, ಅದು ಉತ್ತರಿಸುತ್ತಿರುವ ಪ್ರಶ್ನೆಯೇ ಬೇರೆ. ಕೈಗೆ ಕೊಟ್ಟದ್ದನ್ನು ಕೊಟ್ಟಂತೆಯೇ ಇಟ್ಟುಕೊಂಡಿದ್ದೇನೆಯೇ ಎಂಬುದನ್ನಷ್ಟೇ ಅದು ಬಳಸುವ ಚೆಕ್‌ಸಮ್ (ಕಡತದ ಬೈಟ್‌ಗಳಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ಹೇಳಬಲ್ಲದು. ಕೊಡುವಾಗಲೇ ಕೆಟ್ಟಿದ್ದ ಕಡತದ ಚೆಕ್‌ಸಮ್ ಕೂಡ ಅಚ್ಚುಕಟ್ಟಾಗಿ ಹೊಂದುತ್ತದೆ.

ಹುಡುಕಾಟವನ್ನು ಬ್ಯಾಕಪ್ ಲಾಗ್‌ನಿಂದ ಆರಂಭಿಸಿ. ಎನ್‌ಕ್ರಿಪ್ಟ್ ಆದ ದತ್ತಾಂಶ ಕುಗ್ಗುವುದೂ ಇಲ್ಲ, ಹಳೆಯ ಬ್ಲಾಕ್‌ಗಳೊಂದಿಗೆ ಹೊಂದುವುದೂ ಇಲ್ಲ. ಹೀಗಾಗಿ ದಾಳಿ ನಡೆದ ದಿನದ ಇನ್‌ಕ್ರಿಮೆಂಟಲ್ ಇದ್ದಕ್ಕಿದ್ದಂತೆ ಊದಿಕೊಂಡಿರುತ್ತದೆ, ಡಿಡುಪ್ಲಿಕೇಶನ್ (ಒಂದೇ ಥರದ ಬ್ಲಾಕ್‌ಗಳನ್ನು ಒಮ್ಮೆ ಮಾತ್ರ ಉಳಿಸುವುದು) ಅನುಪಾತ ಕುಸಿದಿರುತ್ತದೆ. ಒಂದೇ ಒಂದು ಕಡತವನ್ನೂ ತೆರೆಯದೆ ಸಿಗುವ ಸುಳಿವು ಇದು.

ಉತ್ತರ 2

ಲಾಗ್ ನೋಡಿದ ಮೇಲೆ ಕಡತದ ಮೊದಲ ಕೆಲವು ಬೈಟ್‌ಗಳನ್ನು ಪರೀಕ್ಷಿಸುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಪಿಡಿಎಫ್ ಸಾಮಾನ್ಯವಾಗಿ ಹೆಕ್ಸ್‌ನಲ್ಲಿ (16ರ ಮೂಲದ ಅಂಕಿಗಳಲ್ಲಿ) 25 50 44 46 ಎಂದು ಆರಂಭವಾಗುತ್ತದೆ, ಪಿಎನ್‌ಜಿ 89 50 4E 47 ಎಂದು. ವರ್ಡ್ ಮತ್ತು ಎಕ್ಸೆಲ್‌ನ ಈಗಿನ ಕಡತಗಳು ಒಳಗೆ ಜಿಪ್ ಆಗಿರುವುದರಿಂದ ಪಿ, ಕೆ ಎಂಬ ಎರಡು ಅಕ್ಷರಗಳಿಂದ ತೊಡಗುತ್ತವೆ. ಕಡತದ ಹೆಸರಿನ ಕೊನೆಯ ವಿಸ್ತರಣೆಗೂ (.pdf ಥರದ್ದು) ಈ ಗುರುತಿಗೂ ತಾಳೆಯಾಗದ ಕಡತಗಳನ್ನು ದಿನವಾರು ಎಣಿಸಿ.

ಎಂಟ್ರೊಪಿ (ಬೈಟ್‌ಗಳು ಎಷ್ಟು ಗೊತ್ತುಗುರಿಯಿಲ್ಲದೆ ಹರಡಿವೆ ಎಂಬ ಅಳತೆ) ಅಳೆಯುವಂತೆ ಅನೇಕರು ಸಲಹೆ ಕೊಡುತ್ತಾರೆ, ಆದರೆ ಅದರಲ್ಲಿ ಎಚ್ಚರವಿರಲಿ. ಪ್ರತಿ ಬೈಟ್‌ಗೆ ಗರಿಷ್ಠ 8 ಬಿಟ್; ಎನ್‌ಕ್ರಿಪ್ಟ್ ಆದ ಕಡತ ಆ 8ಕ್ಕೆ ತಾಗಿಕೊಂಡಿರುತ್ತದೆ ಎಂಬುದು ನಿಜ. ಆದರೆ ಯಾವ ದಾಳಿಗೂ ಸಿಗದ ಜೆಪಿಇಜಿ ಚಿತ್ರ, ಜಿಪ್ ಕಡತಗಳೂ ಅಲ್ಲೇ ಹತ್ತಿರದಲ್ಲಿರುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ, 8ರ ಹತ್ತಿರವಿರುವುದೆಲ್ಲ ರ‍್ಯಾನ್ಸಮ್‌ವೇರ್ ಅಲ್ಲ. ಅದೇ ಕಡತದ ಎರಡು ದಿನಗಳ ಪ್ರತಿಗಳನ್ನು ಹೋಲಿಸಿದಾಗ ಮಾತ್ರ ಆ ಅಂಕಿಗೆ ಅರ್ಥ ಬರುತ್ತದೆ: 4.5ರ ಆಸುಪಾಸಿನಲ್ಲಿದ್ದ ಪಠ್ಯ ಕಡತ ಮರುದಿನ 7.99 ಆದರೆ ಇನ್ನು ಅನುಮಾನಕ್ಕೆ ಎಡೆಯಿಲ್ಲ.

ಉತ್ತರ 3

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಆರಂಭದ ಬೈಟ್‌ಗಳು ಸರಿಯಿದ್ದ ಮಾತ್ರಕ್ಕೆ ಕಡತ ಸರಿಯಿದೆ ಎನ್ನಲಾಗದು. ವೇಗಕ್ಕಾಗಿ ಕಡತದ ಕೆಲವು ಭಾಗಗಳನ್ನು ಮಾತ್ರ ಕೆಡಿಸುವ ರೂಢಿ ಈಗ ಹೆಚ್ಚಾಗಿದೆ. 2021ರಲ್ಲಿ ಕಾಣಿಸಿಕೊಂಡ ಲಾಕ್‌ಫೈಲ್ ಎಂಬ ರ‍್ಯಾನ್ಸಮ್‌ವೇರ್ 16 ಬೈಟ್ ಕೆಡಿಸಿ ಮುಂದಿನ 16 ಬೈಟ್ ಹಾಗೆಯೇ ಬಿಟ್ಟು ಸಾಗುತ್ತಿತ್ತು. ಅರ್ಧ ಕಡತ ಮೊದಲಿನಂತೆಯೇ ಉಳಿಯುವುದರಿಂದ ಸಾಮಾನ್ಯ ಅಂಕಿಅಂಶದ ಜರಡಿಯಲ್ಲಿ ಅದು ನುಸುಳಿಬಿಡುತ್ತಿತ್ತು.

ಆದ್ದರಿಂದ ಕಡತದ ರಚನೆಯನ್ನೇ ಪರೀಕ್ಷಿಸಿ. ಜಿಪ್‌ನೊಳಗಿನ ಪ್ರತಿ ಕಡತಕ್ಕೂ ಸಿಆರ್‌ಸಿ-32 ಎಂಬ ಚೆಕ್‌ಸಮ್ ಇರುತ್ತದೆಯಾದ್ದರಿಂದ, ಅನ್‌ಜಿಪ್‌ನ ಪರೀಕ್ಷಾ ಆಯ್ಕೆಯಿಂದ ವರ್ಡ್, ಎಕ್ಸೆಲ್ ಕಡತಗಳನ್ನು ತೆರೆಯದೆಯೇ ಒಳಗಿನವರೆಗೆ ಓದಿಸಿ ತಾಳೆ ನೋಡಬಹುದು. ಎಸ್‌ಕ್ಯೂಲೈಟ್ ದತ್ತಸಂಚಯಗಳಿಗೆ ಅದರದೇ ಇಂಟೆಗ್ರಿಟಿ ಚೆಕ್ (ರಚನೆ ಸರಿಯಿದೆಯೇ ಎಂಬ ಪರೀಕ್ಷೆ) ಇದೆ. ಇದು ನಿಧಾನದ ಕೆಲಸ. 9 ಲಕ್ಷಕ್ಕೂ ಮಾಡಬೇಕಿಲ್ಲ, ಪ್ರತಿ ಫೋಲ್ಡರಿನಿಂದ ಕೆಲವನ್ನು ಆರಿಸಿದರೂ ಸಾಕು.

ಇನ್ನೊಂದು ಸಂಗತಿ. ನಿಮ್ಮ ಕಡತಗಳ ಗಾತ್ರ ಬದಲಾಗಿಲ್ಲ ಎಂದಿದ್ದೀರಿ. ಮಾರ್ಪಾಡಿನ ದಿನಾಂಕವೂ ಹಳೆಯದೇ ಇದ್ದು, ಇನ್‌ಕ್ರಿಮೆಂಟಲ್ ಬ್ಯಾಕಪ್ ಅವೆರಡನ್ನೇ ನೋಡಿ ಬದಲಾವಣೆ ತೀರ್ಮಾನಿಸುತ್ತಿದ್ದರೆ, ಕೆಟ್ಟ ಕಡತ ಅದರ ಕಣ್ಣಿಗೆ ಬೀಳದೆ ವಾರದ ಪೂರ್ಣ ಬ್ಯಾಕಪ್‌ನಲ್ಲಿ ಮಾತ್ರ ಒಳಸೇರಿರಬಹುದು. ಅಂಥ ಸಂದರ್ಭದಲ್ಲಿ ಲಾಗ್ ಊದಿಕೊಂಡ ದಿನವೇ ಹಾನಿಯ ದಿನವೆಂದು ತಿಳಿಯಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ದಿನಕ್ಕೆ 6 ಜಿಬಿ ಆಸುಪಾಸಿನಲ್ಲಿದ್ದ ಇನ್‌ಕ್ರಿಮೆಂಟಲ್ 17ನೇ ತಾರೀಖಿನಂದು 140 ಜಿಬಿ ಆಗಿದೆ. 16ರ ಪ್ರತಿಯನ್ನೇ ಮರಳಿ ಹಾಕೋಣವೆಂದು ಹೊರಟಿದ್ದೆವು. ಆದರೆ ಸ್ಕ್ರಿಪ್ಟ್ ಓಡಿಸಿದಾಗ 12ನೇ ತಾರೀಖಿನ ಪೂರ್ಣ ಬ್ಯಾಕಪ್‌ನಲ್ಲೇ ಒಂದೇ ಫೋಲ್ಡರಿನ 43 ಪಿಡಿಎಫ್‌ಗಳು ಕೆಟ್ಟಿರುವುದು ಕಂಡಿತು. ಯಾರೋ ಮೊದಲು ಅಲ್ಲಿ ಕೈ ಪಳಗಿಸಿಕೊಂಡಿದ್ದಾರೆ ಎನಿಸುತ್ತದೆ. 11ರ ಪ್ರತಿಯಲ್ಲಿ ಆ 43 ಕಡತಗಳೂ ತೆರೆಯುತ್ತಿವೆ, ಆಯ್ದ ಜಿಪ್ ಪರೀಕ್ಷೆಗಳೂ ದಾಟಿವೆ. ಇನ್ನು ಆ ಪ್ರತಿಯಿಂದ ಸರ್ವರನ್ನು ಪೂರ್ತಿಯಾಗಿ ಮರಳಿ ನಿಲ್ಲಿಸಬಹುದೇ?

ಉತ್ತರ 1

ಕಡತಗಳನ್ನು ಮಾತ್ರ ಮರಳಿ ಪಡೆಯಿರಿ, ಸರ್ವರನ್ನಲ್ಲ. 12ರಂದು ಕೈಚಳಕ ತೋರಿಸಿದವರು ಒಳಗೆ ಬಂದದ್ದು ಅದಕ್ಕೂ ಮೊದಲೇ ಇರಬೇಕು, ಹಾಗಾಗಿ 11ರ ಪ್ರತಿಯಲ್ಲಿ ಕಡತಗಳು ಸರಿಯಿದ್ದರೂ ಅವರು ಬಿಟ್ಟುಹೋದ ಪ್ರೋಗ್ರಾಂ ಅದೇ ಪ್ರತಿಯಲ್ಲಿ ಕುಳಿತಿರಬಹುದು. ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿ ಹಾಕಿ, ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿದ ಮೇಲೆ ಕಡತಗಳನ್ನು ತನ್ನಿ. 11ರ ನಂತರ ಹುಟ್ಟಿದ ಕಡತಗಳನ್ನೂ ಬಿಟ್ಟುಕೊಡಬೇಕಿಲ್ಲ. 16ರ ಪ್ರತಿಯಿಂದ ಅವನ್ನಷ್ಟೇ ಬೇರ್ಪಡಿಸಿ, ಇದೇ ಸ್ಕ್ರಿಪ್ಟ್‌ನಲ್ಲಿ ಹಾಯಿಸಿ ಸೇರಿಸಿಕೊಳ್ಳಬಹುದು.